ಬ್ಯಾಂಕಿನಲ್ಲಿ ದುಡ್ಡಿತ್ತು, ಆದರೂ ಸಾಲ ಯಾಕೆ ಸಿಗಲಿಲ್ಲ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಫೌಂಡ್ರಿಗಳಿಂದ ಬರುವ ಕಾಸ್ಟಿಂಗ್‌ಗಳನ್ನು ಮಷಿನಿಂಗ್ ಮಾಡಿ ಕೊಡುತ್ತೇವೆ. 2017ರ ಶುರುವಿನಲ್ಲಿ ಸಿಸಿ ಲಿಮಿಟ್ (ವ್ಯಾಪಾರಕ್ಕೆ ಬೇಕಾದಾಗ ಬ್ಯಾಂಕಿನಿಂದ ಎಳೆದುಕೊಳ್ಳುವ ಸಾಲದ ಮಿತಿ) ಜಾಸ್ತಿ ಮಾಡಿಕೊಡಿ ಅಂತ ಬ್ಯಾಂಕಿಗೆ ಕೇಳಿದೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಡ್ಡಿ ಬಾಕಿ ಉಳಿಸಿರಲಿಲ್ಲ. ನೋಟು ರದ್ದಾದ ಮೇಲೆ ಬ್ಯಾಂಕುಗಳಲ್ಲಿ ದುಡ್ಡು ತುಂಬಿ ತುಳುಕುತ್ತಿದೆ ಅಂತ ದಿನಾ ಪೇಪರಿನಲ್ಲಿ ಬರುತ್ತಿತ್ತು. ಆದರೂ ಆಗುವುದಿಲ್ಲ ಅಂದರು. 2008ರಲ್ಲಿ ಅಮೆರಿಕದಲ್ಲೂ ಸರ್ಕಾರ ಬ್ಯಾಂಕುಗಳಿಗೆ ರಾಶಿ ದುಡ್ಡು ಕೊಟ್ಟಿತು, ಅವು ಸಾಲ ಮಾತ್ರ ಕೊಡಲಿಲ್ಲ ಅಂತ ಕೇಳಿದ್ದೇನೆ. ದುಡ್ಡು ಇಟ್ಟುಕೊಂಡು ಬ್ಯಾಂಕುಗಳು ಹೀಗೇಕೆ ಮಾಡುತ್ತವೆ?

ಉತ್ತರ: ನೀವು ಹೇಳುವ ಆ ವರ್ಷ ನಾನು ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೆ. ನಿಮ್ಮಂಥವರ ಫೈಲುಗಳು ನನ್ನ ಮೇಜಿಗೆ ಬರುತ್ತಿದ್ದವು. ಖಾತೆ ಶುದ್ಧವಾಗಿರುತ್ತಿತ್ತು, ವ್ಯವಹಾರ ಚೆನ್ನಾಗಿರುತ್ತಿತ್ತು. ಅಂಥ ಕೆಲವು ಫೈಲುಗಳ ಮೇಲೆ ‘ಸದ್ಯಕ್ಕೆ ಬೇಡ’ ಅಂತ ನಾನೇ ಬರೆದಿದ್ದೇನೆ. ಆಗ ಅದಕ್ಕೆ ಕಾರಣ ಬಿಡಿಸಿ ಹೇಳುವಷ್ಟು ಸಮಯವಾಗಲಿ ಸ್ವಾತಂತ್ರ್ಯವಾಗಲಿ ಇರಲಿಲ್ಲ. ಈಗ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಬ್ಯಾಂಕಿನ ತಿಜೋರಿಯಲ್ಲಿ ದುಡ್ಡು ಇದ್ದರೆ ಸಾಲ ಸಿಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಆ ದುಡ್ಡು ಬ್ಯಾಂಕಿನದಲ್ಲ. ಅದು ಠೇವಣಿ ಇಟ್ಟವರದು. ಸಾಲ ಮುಳುಗಿದರೆ ಆ ನಷ್ಟವನ್ನು ಠೇವಣಿದಾರರ ತಲೆಗೆ ಕಟ್ಟುವಂತಿಲ್ಲ. ಬ್ಯಾಂಕಿನ ಮಾಲೀಕರು ಹಾಕಿದ ಬಂಡವಾಳವೇ ಅದನ್ನು ತಿನ್ನಬೇಕು. ಅಂದರೆ ಬ್ಯಾಂಕು ಎಷ್ಟು ಸಾಲ ಕೊಡಬಹುದು ಅನ್ನುವುದನ್ನು ತೀರ್ಮಾನಿಸುವುದು ಅದರ ಬಳಿ ಇರುವ ದುಡ್ಡಲ್ಲ, ನಷ್ಟ ತಡೆದುಕೊಳ್ಳುವ ಶಕ್ತಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ 100 ರೂಪಾಯಿ ಮಾಮೂಲಿ ವ್ಯಾಪಾರದ ಸಾಲಕ್ಕೆ ಕನಿಷ್ಠ 9 ರೂಪಾಯಿ ಬಂಡವಾಳ ಇರಬೇಕು. ಒಂದು ಬ್ಯಾಂಕು 91 ರೂಪಾಯಿ ಠೇವಣಿ, 9 ರೂಪಾಯಿ ಬಂಡವಾಳ ಸೇರಿಸಿ 100 ರೂಪಾಯಿ ಸಾಲ ಕೊಟ್ಟಿದೆ ಅಂತಿಟ್ಟುಕೊಳ್ಳಿ. ಅದರಲ್ಲಿ 2 ರೂಪಾಯಿ ಮುಳುಗಿತು. ಬಂಡವಾಳ 7ಕ್ಕೆ ಇಳಿಯಿತು. 7 ರೂಪಾಯಿ ಬಂಡವಾಳದ ಮೇಲೆ ಕೊಡಬಹುದಾದ ಸಾಲ ಹೆಚ್ಚೆಂದರೆ 78 ರೂಪಾಯಿ. ಈಗ ಇರುವುದು 98. ಅಂದರೆ 2 ರೂಪಾಯಿ ನಷ್ಟಕ್ಕೆ 20 ರೂಪಾಯಿ ಸಾಲ ಕಡಿಮೆ ಆಗಬೇಕು! ಠೇವಣಿದಾರರು ಒಂದು ರೂಪಾಯಿಯನ್ನೂ ವಾಪಸು ತೆಗೆದಿಲ್ಲ. ಅವರ 91 ರೂಪಾಯಿ ಠೇವಣಿ ಹಾಗೇ ಇದೆ. ಆದರೂ ಕೈ ಕಟ್ಟಿದೆ.

ಹೊಸ ಬಂಡವಾಳ ತಂದರೆ ಆಯಿತಲ್ವಾ ಅಂತ ಕೇಳಬಹುದು. ಆದರೆ ಬಿಕ್ಕಟ್ಟಿನ ಹೊತ್ತಿನಲ್ಲಿ ಬ್ಯಾಂಕಿನ ಷೇರನ್ನು ಯಾರು ಕೊಳ್ಳುತ್ತಾರೆ? ಒಳಗೆ ಇನ್ನೂ ಎಷ್ಟು ಕೊಳೆತಿದೆಯೋ ಅನ್ನುವ ಭಯ ಎಲ್ಲರಿಗೂ. ಸರ್ಕಾರಿ ಬ್ಯಾಂಕಾದರೆ ದುಡ್ಡು ಬಜೆಟ್‌ನಿಂದ ಬರಬೇಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಕೊನೆಗೆ ಉಳಿಯುವ ಸುಲಭದ ದಾರಿ ಒಂದೇ. ಹೊಸ ಸಾಲ ನಿಲ್ಲಿಸುವುದು. ಹಳೆಯದು ತೀರಿದ ಹಾಗೆ ತೀರಲಿ ಅಂತ ಕೂರುವುದು.

ನಮ್ಮಲ್ಲಿ ಆಗಿದ್ದು ಇದೇ. 2004ರಿಂದ 2011ರ ತನಕ ವಿದ್ಯುತ್, ಉಕ್ಕು, ರಸ್ತೆ, ಟೆಲಿಕಾಂ ಅಂತ ದೊಡ್ಡ ದೊಡ್ಡ ಯೋಜನೆಗಳಿಗೆ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು. ಆಮೇಲೆ ಕಲ್ಲಿದ್ದಲು ಸಿಗಲಿಲ್ಲ, ಜಮೀನು ಸಿಗಲಿಲ್ಲ, ಬೇಡಿಕೆಯೂ ಬರಲಿಲ್ಲ. ಕೆಲವು ಕಡೆ ಪ್ರವರ್ತಕರೇ ದುಡ್ಡು ತಿರುಗಿಸಿದರು. ಕಂತು ನಿಂತಿತು. ಆದರೂ ಪುಸ್ತಕದಲ್ಲಿ ಆ ಸಾಲ ಚೆನ್ನಾಗಿಯೇ ಕಾಣುತ್ತಿತ್ತು. ಯಾಕೆಂದರೆ ‘ರಿಸ್ಟ್ರಕ್ಚರಿಂಗ್’ ಮಾಡಿದ, ಅಂದರೆ ಕಂತು, ಗಡುವು ಬದಲಿಸಿಕೊಟ್ಟ ಸಾಲವನ್ನು ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಅನ್ನಬೇಕಿಲ್ಲ ಅನ್ನುವ ರಿಯಾಯಿತಿ ಇತ್ತು. ಆ ರಿಯಾಯಿತಿ 2015ರ ಏಪ್ರಿಲ್ 1ಕ್ಕೆ ಮುಗಿಯಿತು. ಅದೇ ವರ್ಷ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕು ತನ್ನ ಇನ್‌ಸ್ಪೆಕ್ಟರುಗಳನ್ನು ಕಳಿಸಿ ದೊಡ್ಡ ಸಾಲದ ಖಾತೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿತು. ಎಕ್ಯೂಆರ್ ಅಂತ ನಾವು ಕರೆಯುತ್ತಿದ್ದುದು ಅದನ್ನೇ. 2015ರ ಮಾರ್ಚ್‌ನಲ್ಲಿ ಒಟ್ಟು ಸಾಲದಲ್ಲಿ ಶೇ. 4.5ರ ಆಸುಪಾಸಿನಲ್ಲಿದ್ದ ಎನ್‌ಪಿಎ ಒಂದೇ ವರ್ಷದಲ್ಲಿ ಶೇ. 7.5ರ ಹತ್ತಿರ ಹೋಯಿತು. 2018ರ ಮಾರ್ಚ್ ಹೊತ್ತಿಗೆ ಶೇ. 11 ದಾಟಿತ್ತು. ಸರ್ಕಾರಿ ಬ್ಯಾಂಕುಗಳದ್ದು ಶೇ. 14ಕ್ಕೂ ಮೇಲೆ.

ಸಾಲ ಎನ್‌ಪಿಎ ಆದ ಕೂಡಲೇ ಪ್ರೊವಿಶನ್ ಇಡಬೇಕು. ಅಂದರೆ ನಷ್ಟಕ್ಕೆ ಅಂತ ಲಾಭದಿಂದ ಒಂದು ಭಾಗ ತೆಗೆದಿಡಬೇಕು. ಅಡಮಾನ ಇದ್ದರೆ ಶೇ. 15ರಿಂದ ಶುರು. ಹಳೆಯದಾದಷ್ಟೂ ಏರುತ್ತಾ ಕೊನೆಗೆ ಪೂರ್ತಿ 100. ಲಾಭ ಸಾಲದಿದ್ದರೆ ಬಂಡವಾಳಕ್ಕೇ ಕೈ ಹೋಗುತ್ತದೆ. ಮೇಲಿನ ಲೆಕ್ಕ ಈಗ ನೆನಪಿಗೆ ತಂದುಕೊಳ್ಳಿ.

ಅದರ ನಡುವೆಯೇ 2016ರ ನವೆಂಬರ್ 8 ಬಂತು. ಸುಮಾರು 15 ಲಕ್ಷ ಕೋಟಿ ರೂಪಾಯಿಯ ಹಳೇ ನೋಟು ಬ್ಯಾಂಕಿಗೆ ಬಂದು ಬಿತ್ತು. ದುಡ್ಡಿನ ಕೊರತೆಯಿಂದ ಸಾಲ ನಿಂತಿದ್ದರೆ ಆ ವರ್ಷ ಸಾಲ ಹೊಳೆಯಾಗಿ ಹರಿಯಬೇಕಿತ್ತು. ಆಗಿದ್ದೇನು? 2016-17ರಲ್ಲಿ ಬ್ಯಾಂಕ್ ಸಾಲ ಬೆಳೆದಿದ್ದು ಸುಮಾರು ಶೇ. 5 ಮಾತ್ರ. ಆಗ ಪ್ರಕಟವಾದ ಲೆಕ್ಕದ ಪ್ರಕಾರ ಅರವತ್ತು ವರ್ಷಗಳಲ್ಲೇ ಅಷ್ಟು ಕಡಿಮೆ ಆಗಿರಲಿಲ್ಲ. ಕೈಗಾರಿಕೆಗೆ ಕೊಟ್ಟ ಸಾಲವಂತೂ ಬೆಳೆಯುವುದಿರಲಿ, ಸುಮಾರು ಶೇ. 2ರಷ್ಟು ಇಳಿಯಿತು. ನೋಟು ರದ್ದಿನಿಂದ ವ್ಯಾಪಾರವೂ ಕುಸಿದಿತ್ತು, ಸಾಲ ಕೇಳುವವರೂ ಕಡಿಮೆ ಆಗಿದ್ದರು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ದುಡ್ಡು ತುಂಬಿದ ಮಾತ್ರಕ್ಕೆ ಸಾಲ ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ನನ್ನ ಸರ್ವೀಸಿನಲ್ಲಿ ನಾನು ನೋಡಿಲ್ಲ.

ಹಾಗಾದರೆ ಆ ದುಡ್ಡು ಎಲ್ಲಿಗೆ ಹೋಯಿತು? ಬಹುಪಾಲು ಸರ್ಕಾರಿ ಬಾಂಡ್‌ಗಳಿಗೆ, ರಿಸರ್ವ್ ಬ್ಯಾಂಕಿಗೆ. ಕೇಂದ್ರ ಸರ್ಕಾರಕ್ಕೆ ಸಾಲ ಕೊಟ್ಟರೆ ಅದು ಮುಳುಗುವ ಭಯಕ್ಕೆ ಅಂತ ಬಂಡವಾಳ ಎತ್ತಿಡಬೇಕಿಲ್ಲ. ನಿಮಗೆ 50 ಲಕ್ಷ ಕೊಟ್ಟರೆ ಬಂಡವಾಳದ ಒಂದು ತುಂಡು ನಿಮ್ಮ ಹೆಸರಿಗೆ ಕಟ್ಟಿಬೀಳುತ್ತದೆ. ಬಂಡವಾಳ ಬತ್ತಿದ ಬ್ಯಾಂಕಿಗೆ ಯಾವುದು ಹಗುರ ಅಂತ ಹೇಳಬೇಕಿಲ್ಲ.

ಇನ್ನು ಭಯದ ಮಾತು. ಅಂಕಿಅಂಶದ ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚು ಜಾಗ ಇಲ್ಲ. ಒಳಗೆ ಕೂತವನಿಗೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸಾಲ ಮಂಜೂರು ಮಾಡುವ ಆಫೀಸರನ ಜಾಗದಲ್ಲಿ ಕೂತು ನೋಡಿ. ಅವನು ಕೊಟ್ಟ ಸಾಲದಿಂದ ನಿಮ್ಮ ಮಷಿನ್ ಶಾಪ್ ದುಪ್ಪಟ್ಟಾಯಿತು ಅನ್ನಿ. ಯಾರೂ ಅವನ ಬೆನ್ನು ತಟ್ಟುವುದಿಲ್ಲ. ಅದೇ ಸಾಲ ಕೆಟ್ಟರೆ ‘ಸ್ಟಾಫ್ ಅಕೌಂಟಬಿಲಿಟಿ’ ಅಂತ ತನಿಖೆ ಶುರು. ಎಂಟು ವರ್ಷದ ಹಿಂದೆ ಯಾಕೆ ಸಹಿ ಹಾಕಿದೆ ಅಂತ ವಿಜಿಲೆನ್ಸ್‌ನವರು ಕೇಳುತ್ತಾರೆ. ಪ್ರಾಮಾಣಿಕವಾಗಿ ಮಾಡಿದ ತಪ್ಪು ಅಂದಾಜಿಗೂ ದುಡ್ಡು ತಿಂದು ಮಾಡಿದ ಮೋಸಕ್ಕೂ ವ್ಯತ್ಯಾಸ ತೋರಿಸುವ ಹೊಣೆ ಅವನದೇ ಆಗುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ರಿಟೈರ್ ಆಗುವ ವಾರದಲ್ಲಿ ಚಾರ್ಜ್‌ಶೀಟ್ ಬಂತು. ಬಹಳ ಸಂಭಾವಿತ ಮನುಷ್ಯ. ಬೀಳ್ಕೊಡುಗೆಗೆ ತರಿಸಿದ್ದ ಹೂವಿನ ಹಾರ ಕವರಿನಲ್ಲೇ ಬಾಡಿತು. ಆ ದಿನ ನಮ್ಮ ವಿಭಾಗದಲ್ಲಿ ಹನ್ನೆರಡು ಜನ ಇದ್ದೆವು. ಮುಂದಿನ ಆರು ತಿಂಗಳು ಆ ಹನ್ನೆರಡೂ ಜನರ ಪೆನ್ನು ನಿಧಾನವಾಯಿತು. ಸಾಲ ಬೇಡ ಅಂದಿದ್ದಕ್ಕೆ ಯಾರಿಗೂ ಚಾರ್ಜ್‌ಶೀಟ್ ಬಂದ ಉದಾಹರಣೆ ಇಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ತೆನಾಲಿ ರಾಮನ ಬೆಕ್ಕಿನ ಕಥೆ ಗೊತ್ತಲ್ಲ, ತಣ್ಣಗಿನ ಹಾಲು ಇಟ್ಟರೂ ಓಡಿಹೋಗುತ್ತಿತ್ತು. ನಮ್ಮ ಮುಂದೆ ನಿಮ್ಮ ಫೈಲು ಬಂದಾಗ ಆಗಿದ್ದು ಅದೇ.

ಇದಕ್ಕಿಂತ ನೋವಿನ ಇನ್ನೊಂದು ಸಂಗತಿ ಹೇಳಬೇಕು. ಆ ಹೊತ್ತಿನಲ್ಲಿ ಸಾಲ ಪೂರ್ತಿ ನಿಂತಿರಲಿಲ್ಲ. ತಪ್ಪು ಜಾಗಕ್ಕೆ ಹೋಗುತ್ತಿತ್ತು. ನೂರಾರು ಕೋಟಿ ಬಾಕಿ ಇರುವವನು ಮುಳುಗಿದರೆ ಬ್ಯಾಂಕಿನ ಬಂಡವಾಳವೇ ಹೋಗುತ್ತದೆ. ಹಾಗಾಗಿ ಅವನಿಗೆ ಇನ್ನೊಂದಷ್ಟು ಸಾಲ ಕೊಟ್ಟು, ಆ ದುಡ್ಡಿನಿಂದ ಹಳೇ ಸಾಲದ ಬಡ್ಡಿ ಕಟ್ಟಿಸಿಕೊಂಡು, ಖಾತೆ ಚೆನ್ನಾಗಿದೆ ಅಂತ ತೋರಿಸುವುದು. ಎವರ್‌ಗ್ರೀನಿಂಗ್ ಅಂತ ಇದಕ್ಕೆ ಹೆಸರು. 1990ರ ದಶಕದಲ್ಲಿ ಜಪಾನಿನ ಬ್ಯಾಂಕುಗಳು ಇದನ್ನೇ ವರ್ಷಾನುಗಟ್ಟಲೆ ಮಾಡಿದವು. ಉಸಿರಿಲ್ಲದ ಕಂಪನಿಗಳನ್ನು ಸಾಲದ ಬಲದಿಂದ ನಿಲ್ಲಿಸಿದವು. ಆ ಕಂಪನಿಗಳು ಕಡಿಮೆ ಬೆಲೆಗೆ ಮಾಲು ಬಿಟ್ಟು, ಒಳ್ಳೆಯ ಕಂಪನಿಗಳ ಲಾಭವನ್ನೂ ತಿಂದವು. ನಿಮ್ಮಂಥವರಿಗೆ ಇದರಿಂದ ಎರಡು ಕಡೆ ಪೆಟ್ಟು. ಸಾಲವೂ ಸಿಗಲಿಲ್ಲ, ಮಾರುಕಟ್ಟೆಯಲ್ಲಿ ಸರಿಯಾದ ಬೆಲೆಯೂ ಸಿಗಲಿಲ್ಲ. ಸರಿಯಾಗಿ ಕಟ್ಟುವವನಿಗೆ ಇಲ್ಲ, ಕಟ್ಟದವನಿಗೆ ಇನ್ನಷ್ಟು ಅನ್ನುವ ನಿಮ್ಮ ಸಿಟ್ಟು ನ್ಯಾಯವಾದ ಸಿಟ್ಟು. ಬ್ಯಾಂಕಿನ ಒಳಗಿದ್ದ ನಾನೇ ಇದನ್ನು ಹೇಳುತ್ತಿದ್ದೇನೆ.

ಅಮೆರಿಕದ 2008ರ ಕಥೆಯಲ್ಲಿ ಬಂಡವಾಳದ ಸಮಸ್ಯೆ ಜೊತೆಗೆ ಇನ್ನೊಂದು ಸೇರಿಕೊಂಡಿತು. ನಮ್ಮದು ನಿಧಾನವಾಗಿ ಏರಿದ ಜ್ವರ, ಅವರದು ಹೃದಯಾಘಾತ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಅನ್ನುವ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿ ಎದ್ದಿತು. ಯಾರ ಹೊಟ್ಟೆಯಲ್ಲಿ ಎಷ್ಟು ವಿಷ ಇದೆಯೋ ಗೊತ್ತಿಲ್ಲದೆ ಬ್ಯಾಂಕುಗಳು ಒಂದನ್ನೊಂದು ನಂಬುವುದನ್ನೇ ಬಿಟ್ಟವು. ಮಾಮೂಲಿ ಕಾಲದಲ್ಲಿ ಬ್ಯಾಂಕುಗಳು ತಮ್ಮತಮ್ಮಲ್ಲೇ ಮೂರು ತಿಂಗಳಿಗೆ ಕೊಡುವ ಸಾಲದ ಬಡ್ಡಿ ಒಂದು ರಾತ್ರಿಯ ಬಡ್ಡಿಗಿಂತ ಶೇ. 0.1ರಷ್ಟು ಜಾಸ್ತಿ ಇರುತ್ತಿತ್ತು, ಅಷ್ಟೇ. ಅಕ್ಟೋಬರ್‌ನಲ್ಲಿ ಆ ಅಂತರ ಶೇ. 3.6 ಮುಟ್ಟಿತು. ಅದರ ಬಿಸಿ ನಮಗೂ ತಟ್ಟಿತು. ಬ್ಯಾಂಕುಗಳು ಒಂದು ರಾತ್ರಿಗೆ ಸಾಲ ಕೊಟ್ಟು ತಗೊಳ್ಳುವ ಮುಂಬೈಯ ಕಾಲ್ ಮನಿ ಮಾರುಕಟ್ಟೆಯಲ್ಲಿ ಬಡ್ಡಿ ಅದೇ ತಿಂಗಳು ಸುಮಾರು ಶೇ. 20ರ ತನಕ ಹೋಗಿತ್ತು.

ಅಮೆರಿಕದಲ್ಲಿ ಒಂದು ವಿಚಿತ್ರ ಕಂಡಿತು. ದೊಡ್ಡ ಕಂಪನಿಗಳಿಗೆ ಕೊಟ್ಟ ಹೊಸ ಸಾಲ 2008ರ ಕೊನೆಯ ಮೂರು ತಿಂಗಳಲ್ಲಿ ಹಿಂದಿನ ಮೂರು ತಿಂಗಳಿಗಿಂತ ಶೇ. 47ರಷ್ಟು ಬಿತ್ತು. 2007ರ ಮಧ್ಯದ ಉಬ್ಬರಕ್ಕೆ ಹೋಲಿಸಿದರೆ ಶೇ. 79ರಷ್ಟು. ಆದರೆ ಶುರುವಿನ ಆ ವಾರಗಳಲ್ಲಿ ಬ್ಯಾಂಕುಗಳ ಪುಸ್ತಕದಲ್ಲಿ ಕಂಪನಿಗಳ ಒಟ್ಟು ಸಾಲ ಇಳಿಯಲೇ ಇಲ್ಲ, ಏರಿತು. ಸಾಲ ನಿಂತಿದೆ ಅನ್ನುವುದೇ ಸುಳ್ಳು ಅಂತ ಕೆಲವು ಅರ್ಥಶಾಸ್ತ್ರಜ್ಞರು ಬರೆದೂ ಬರೆದರು. ನಿಮಗೆ ಸಿಸಿ ಖಾತೆ ಇರುವುದರಿಂದ ಇದರ ಗುಟ್ಟು ಸುಲಭವಾಗಿ ಹೊಳೆಯುತ್ತದೆ. ಬ್ಯಾಂಕು ನಾಳೆ ಲಿಮಿಟ್ ಕಡಿತ ಮಾಡಬಹುದು ಅಂತ ಅನುಮಾನ ಬಂದರೆ ನೀವೇನು ಮಾಡುತ್ತೀರಿ? ಬೇಕೋ ಬೇಡವೋ, ಇವತ್ತೇ ಪೂರ್ತಿ ಎಳೆದು ಬೇರೆ ಕಡೆ ಇಡುತ್ತೀರಿ. ಅಮೆರಿಕದ ಕಂಪನಿಗಳೂ ಅದನ್ನೇ ಮಾಡಿದವು. ಹಿಂದೆಯೇ ಒಪ್ಪಿಕೊಂಡ ಲಿಮಿಟ್ ಆದ್ದರಿಂದ ಬ್ಯಾಂಕು ಇಲ್ಲ ಅನ್ನುವಂತಿಲ್ಲ. ಇದ್ದ ಶಕ್ತಿಯೆಲ್ಲ ಹಳೇ ಮಾತು ಉಳಿಸಿಕೊಳ್ಳಲು ಖರ್ಚಾಯಿತು. ಹೊಸದಾಗಿ ಬಾಗಿಲು ತಟ್ಟಿದವರಿಗೆ ಏನೂ ಉಳಿಯಲಿಲ್ಲ. ಒಟ್ಟು ಮೊತ್ತ ನೋಡಿ ಸುಮ್ನೆ ಸಮಾಧಾನ ಪಡಬಾರದು ಅನ್ನುವುದು ಇದಕ್ಕೇ.

ಸರ್ಕಾರದ ದುಡ್ಡಿನ ವಿಷಯ ಕೇಳಿದ್ದೀರಿ. 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು 70,000 ಕೋಟಿ ಡಾಲರ್ ಯೋಜನೆಗೆ ಒಪ್ಪಿತು. ಅದರಲ್ಲಿ ದೊಡ್ಡ ಪಾಲು ಬ್ಯಾಂಕುಗಳಿಗೆ ಬಂಡವಾಳವಾಗಿ ಹೋಯಿತು. ಅದು ಬರದಿದ್ದರೆ ಇನ್ನೆಷ್ಟೋ ಬ್ಯಾಂಕುಗಳು ಮುಚ್ಚುತ್ತಿದ್ದವು ಅಂತ ನನ್ನ ನಂಬಿಕೆ. ಆದರೆ ಗುಂಡಿ ತುಂಬಲು ಹಾಕಿದ ಮಣ್ಣಿನಿಂದ ಗುಡ್ಡ ಏಳುವುದಿಲ್ಲ. ಬಂದ ಬಂಡವಾಳ ಹಳೇ ನಷ್ಟ ಮುಚ್ಚಲಿಕ್ಕೇ ಹೋಯಿತು. ಇನ್ನು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಕೊಟ್ಟ ನಗದನ್ನು ಬ್ಯಾಂಕುಗಳು ಅದರಲ್ಲೇ ವಾಪಸು ಇಟ್ಟವು. 2008ರ ಆಗಸ್ಟ್‌ನಲ್ಲಿ ನಿಯಮಕ್ಕಿಂತ ಹೆಚ್ಚಾಗಿ ಅಲ್ಲಿ ಇಟ್ಟಿದ್ದ ಹಣ ಸುಮಾರು 200 ಕೋಟಿ ಡಾಲರ್. 2009ರ ಜನವರಿ ಹೊತ್ತಿಗೆ ಅದು ಸುಮಾರು 80,000 ಕೋಟಿ ಡಾಲರ್. ನಮ್ಮ ನೋಟು ರದ್ದಿನ ದುಡ್ಡಿನ ಕಥೆಯ ಅಣ್ಣ ಇದು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಸಾಲ ಇಳಿದಿದ್ದು ಬ್ಯಾಂಕು ಕೊಡದಿದ್ದಕ್ಕೋ, ಜನ ಕೇಳದಿದ್ದಕ್ಕೋ? ಮನೆ ಬೆಲೆ ಬಿದ್ದು, ಆರ್ಡರ್ ಇಲ್ಲದೆ ಕೂತವನು ಹೊಸ ಸಾಲ ಯಾಕೆ ಮಾಡುತ್ತಾನೆ? ಇರುವ ಸಾಲ ತೀರಿಸಿದರೆ ಸಾಕು ಅನ್ನುತ್ತಾನೆ. ಬ್ಯಾಂಕಿನವರು ‘ಕೇಳುವವರೇ ಇಲ್ಲ’ ಅನ್ನುತ್ತಾರೆ, ಉದ್ಯಮಿಗಳು ‘ಕೊಡುವವರೇ ಇಲ್ಲ’ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇರುತ್ತದೆ. ಬೇರ್ಪಡಿಸುವುದು ಹೇಗೆ?

ಇದಕ್ಕೆ ನಾನು ಓದಿದ ಅತ್ಯಂತ ಚೆಂದದ ಉತ್ತರ ಪಾಕಿಸ್ತಾನದ್ದು. 1998ರ ಮೇನಲ್ಲಿ ನಾವು ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ಮಾಡಿದೆವು. ಅದೇ ತಿಂಗಳ ಕೊನೆಗೆ ಪಾಕಿಸ್ತಾನವೂ ಮಾಡಿತು. ಹೊರಗಿನ ನೆರವು ನಿಲ್ಲುವ ಭಯದಲ್ಲಿ ಅಲ್ಲಿನ ಸರ್ಕಾರ ಜನರ ಡಾಲರ್ ಠೇವಣಿಗಳನ್ನು ತಡೆಹಿಡಿಯಿತು. ಡಾಲರ್ ರೂಪದಲ್ಲಿ ವಾಪಸು ಇಲ್ಲ, ಬೇಕಾದರೆ ಸರ್ಕಾರ ಹೇಳಿದ ದರಕ್ಕೆ ರೂಪಾಯಿ ತಗೊಳ್ಳಿ ಅಂದಿತು. ನಂಬಿಕೆ ಹೋದ ಜನ ದುಡ್ಡು ತೆಗೆದರು. ಡಾಲರ್ ಠೇವಣಿ ಜಾಸ್ತಿ ಇದ್ದ ಬ್ಯಾಂಕುಗಳಿಗೆ ಜಾಸ್ತಿ ಪೆಟ್ಟು, ಕಡಿಮೆ ಇದ್ದವಕ್ಕೆ ಕಡಿಮೆ. ಆಸಿಮ್ ಖ್ವಾಜಾ ಮತ್ತು ಆತಿಫ್ ಮಿಯಾನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಬಗೆಯ ಬ್ಯಾಂಕುಗಳಲ್ಲಿ ಸಾಲ ಇರುವ ಕಂಪನಿಗಳನ್ನು ಹುಡುಕಿದರು. ಕಂಪನಿ ಒಂದೇ, ಆರ್ಡರ್ ಬುಕ್ ಒಂದೇ, ದುಡ್ಡಿನ ಅಗತ್ಯ ಒಂದೇ. ವ್ಯತ್ಯಾಸ ಇರುವುದು ಬ್ಯಾಂಕಿನಲ್ಲಿ ಮಾತ್ರ. ಹಾಗಿದ್ದೂ ಪೆಟ್ಟು ತಿಂದ ಬ್ಯಾಂಕು ಅದೇ ಕಂಪನಿಗೆ ಸಾಲ ಕಡಿಮೆ ಮಾಡಿತ್ತು. ಠೇವಣಿ ಶೇ. 1ರಷ್ಟು ಜಾಸ್ತಿ ಕಳೆದುಕೊಂಡ ಬ್ಯಾಂಕಿನಿಂದ ಸಾಲ ಶೇ. 0.6ರಷ್ಟು ಜಾಸ್ತಿ ಇಳಿದಿತ್ತು. ಕೇಳುವವರಿಲ್ಲದೆ ಅಲ್ಲ, ಕೊಡುವವರಿಲ್ಲದೆ ಸಾಲ ಇಳಿಯುತ್ತದೆ ಅನ್ನುವುದಕ್ಕೆ ಇದು ಗಟ್ಟಿ ಸಾಕ್ಷಿ.

ಆದರೆ ನನ್ನ ಮನಸ್ಸು ತಟ್ಟಿದ್ದು ಅವರು ಕಂಡ ಇನ್ನೊಂದು ವಿಷಯ. ದೊಡ್ಡ ವ್ಯಾಪಾರಿ ಮನೆತನದ ಕಂಪನಿಗಳು, ರಾಜಕೀಯದ ನಂಟು ಇದ್ದವು, ಬೇರೆ ಬ್ಯಾಂಕಿಗೆ ಹೋಗಿ ಆ ಕೊರತೆ ತುಂಬಿಕೊಂಡವು. ಸಣ್ಣವಕ್ಕೆ ಆಗಲಿಲ್ಲ. ಬಿಕ್ಕಟ್ಟು ಹುಟ್ಟಿಸಿದವರು ಯಾರೋ, ಅದರ ಬಿಲ್ಲು ಹೋಗುವುದು ಸಣ್ಣವರ ಮನೆಗೆ. ನಿಮ್ಮ ಮನೆಗೂ ಹಾಗೇ ಬಂತು.

ಸಣ್ಣವರು ಇನ್ನೊಂದು ಬ್ಯಾಂಕಿಗೆ ಹೋದರೆ ಯಾಕೆ ಕೆಲಸ ಆಗುವುದಿಲ್ಲ? ದೊಡ್ಡ ಕಂಪನಿಗೆ ರೇಟಿಂಗ್ ಇರುತ್ತದೆ, ಯಾರು ಬೇಕಾದರೂ ಓದಬಹುದು. ನಿಮ್ಮ ಬಗ್ಗೆ ತಿಳಿದಿರುವುದು ನಿಮ್ಮ ಬ್ರಾಂಚಿನ ಮ್ಯಾನೇಜರಿಗೆ. ಯಾವ ಫೌಂಡ್ರಿಯವನು ನಿಮಗೆ ತಡವಾಗಿ ದುಡ್ಡು ಕೊಡುತ್ತಾನೆ, ಯಾವ ತಿಂಗಳು ನಿಮ್ಮ ಕೈ ಬಿಗಿ ಇರುತ್ತದೆ, ಆದರೂ ಹೇಗೆ ಕಟ್ಟುತ್ತೀರಿ, ಇದೆಲ್ಲ ಅವರ ತಲೆಯಲ್ಲಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಬ್ಯಾಂಕು ಮುಚ್ಚಿದರೆ ಆ ತಿಳಿವಳಿಕೆಯೂ ಸಾಯುತ್ತದೆ. 1930ರಿಂದ 1933ರ ನಡುವೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಆ ಮಹಾ ಕುಸಿತ ಅಷ್ಟು ಉದ್ದ ಎಳೆದಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ ಅಂತ ಅರ್ಥಶಾಸ್ತ್ರಜ್ಞ ಬೆನ್ ಬರ್ನಾಂಕೆ 1983ರಲ್ಲಿ ವಾದಿಸಿದರು. 2008ರ ಬಿಕ್ಕಟ್ಟಿನಲ್ಲಿ ಫೆಡರಲ್ ರಿಸರ್ವ್‌ನ ಮುಖ್ಯಸ್ಥರಾಗಿ ಕೂತಿದ್ದವರೂ ಅವರೇ. 2022ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಆ ಹಳೇ ಪ್ರಬಂಧವನ್ನೇ ಮುಖ್ಯವಾಗಿ ನೆನೆದರು.

ನಮ್ಮಲ್ಲಿ ಬ್ಯಾಂಕು ಹಾಗೆ ಮುಳುಗುವುದು ಅಪರೂಪ. ಆದರೆ ಕೈ ಕಟ್ಟುತ್ತಾರೆ, ವಿಲೀನ ಮಾಡುತ್ತಾರೆ. ಬಂಡವಾಳ ಕುಸಿದ, ಎನ್‌ಪಿಎ ಏರಿದ 11 ಸರ್ಕಾರಿ ಬ್ಯಾಂಕುಗಳನ್ನು ರಿಸರ್ವ್ ಬ್ಯಾಂಕು ‘ಪಿಸಿಎ’ ಅನ್ನುವ, ದುರ್ಬಲ ಬ್ಯಾಂಕುಗಳಿಗೆ ಕಡಿವಾಣ ಹಾಕುವ ಕಟ್ಟುಪಾಡಿನ ಕೆಳಗೆ ತಂದಿತು. ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕೂ ಅದರಲ್ಲಿತ್ತು. ದೇನಾ ಬ್ಯಾಂಕಿಗಂತೂ 2018ರಲ್ಲಿ ಹೊಸ ಸಾಲ ಕೊಡುವುದನ್ನೇ ತಡೆಯಲಾಯಿತು. ಆಮೇಲೆ ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಮೂರೂ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಕರಾವಳಿಯ ಹೆಸರುಗಳು ಬೋರ್ಡಿನಿಂದ ಹೋದವು ಅಂತ ನಮ್ಮ ಜನ ಬೇಜಾರು ಪಟ್ಟರು. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಆಗಿದ್ದು, ಗಿರಾಕಿಯ ಮುಖ ನೋಡಿ ಖಾತೆ ಅಳೆಯಬಲ್ಲ ಆ ಹಳೇ ಮ್ಯಾನೇಜರುಗಳ ತಿಳಿವಳಿಕೆ ಎಲ್ಲಿಗೆ ಹೋಯಿತು ಅಂತ.

ಗುಣವಾಗಿದ್ದು ನಿಧಾನಕ್ಕೆ. ನಷ್ಟವನ್ನು ಒಪ್ಪಿಕೊಂಡಿದ್ದು ಮೊದಲ ಹೆಜ್ಜೆ. 2016ರ ದಿವಾಳಿ ಸಂಹಿತೆ ಬಂದು ಸಾಲ ಕಟ್ಟದ ಮಾಲೀಕನ ಕೈಯಿಂದ ಕಂಪನಿ ಹೋಗುವ ಭಯ ಹುಟ್ಟಿತು. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳದ ಯೋಜನೆ ಘೋಷಿಸಿತು. ಎಕ್ಯೂಆರ್ ಶುರುವಾದ ಎರಡು ವರ್ಷಕ್ಕೆ ಅನ್ನುವುದನ್ನು ಗಮನಿಸಿ. ಗಾಯ ಬಿಚ್ಚಿದ ದಿನವೇ ಔಷಧಿಯನ್ನೂ ಹಚ್ಚಿದ್ದರೆ 2017ರಲ್ಲಿ ನಿಮಗೆ ‘ಇಲ್ಲ’ ಅನ್ನಬೇಕಾಗುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ. 2024ರ ಮಾರ್ಚ್ ಹೊತ್ತಿಗೆ ಎನ್‌ಪಿಎ ಶೇ. 2.8ಕ್ಕೆ ಇಳಿದಿತ್ತು. ಎಕ್ಯೂಆರ್‌ನಿಂದ ಅಲ್ಲಿಗೆ ಸುಮಾರು ಎಂಟೂವರೆ ವರ್ಷ.

ಮುಂದಿನ ಸಲ ಲಿಮಿಟ್ ಕೇಳುವ ಮೊದಲು ನಿಮ್ಮ ಬ್ಯಾಂಕಿನ ವಾರ್ಷಿಕ ವರದಿ ತೆಗೆದು ಎರಡು ಅಂಕಿ ನೋಡಿ. ನೆಟ್ ಎನ್‌ಪಿಎ (ಪ್ರೊವಿಶನ್ ಕಳೆದು ಉಳಿದ ಎನ್‌ಪಿಎ) ಎಷ್ಟು, ಬಂಡವಾಳದ ಅನುಪಾತ ಎಷ್ಟು. ಅನುಪಾತ ನಿಯಮದ ಗೆರೆಗೆ ಅಂಟಿಕೊಂಡಿದ್ದರೆ ನಿಮ್ಮ ಖಾತೆ ಎಷ್ಟೇ ಶುದ್ಧವಾಗಿದ್ದರೂ ಉತ್ತರ ಏನು ಬರುತ್ತದೆ ಅಂತ ಊಹಿಸಬಹುದು. ಹಾಗಾಗಿ ಕಾಲ ಚೆನ್ನಾಗಿರುವಾಗಲೇ ಎರಡನೇ ಬ್ಯಾಂಕಿನಲ್ಲಿ ಒಂದು ಚಾಲ್ತಿ ಖಾತೆ ಇಡಿ. ಈಗಿನ ಬ್ಯಾಂಕಿಗೆ ತಿಳಿಸಿ, ವಹಿವಾಟಿನ ಒಂದು ಪಾಲು ಅಲ್ಲಿ ಓಡಿಸಿ. ಸಿಸಿ ಇರುವವರಿಗೆ ಬೇರೆ ಕಡೆ ಚಾಲ್ತಿ ಖಾತೆ ತೆರೆಯಲು ನಿಯಮಗಳಿವೆ, ಮೊದಲು ಅವನ್ನು ಕೇಳಿಕೊಳ್ಳಿ. ಜಿಎಸ್‌ಟಿ ರಿಟರ್ನ್, ಸ್ಟಾಕ್ ಸ್ಟೇಟ್‌ಮೆಂಟ್ ಎಲ್ಲ ಒಂದು ಫೈಲಿನಲ್ಲಿ ಸಿದ್ಧ ಇರಲಿ. ನಿಮ್ಮನ್ನು ಕಂಡು ಗೊತ್ತಿಲ್ಲದ ಆಫೀಸರನೂ ಅದನ್ನು ಓದಿ ನಿಮ್ಮನ್ನು ಅರಿಯುವಂತಿರಬೇಕು. ಆ ಹನ್ನೊಂದು ವರ್ಷದ ಖಾತೆಯ ಸ್ಟೇಟ್‌ಮೆಂಟನ್ನೂ ಅದರಲ್ಲಿ ಸೇರಿಸಿ, ಎಲ್ಲಕ್ಕಿಂತ ಮೇಲೆ ಇಡಿ.